ತುಂಬೆಯಲ್ಲಿ ಶುದ್ಧ, ನಳ್ಳಿಯಲ್ಲಿ?

ಪ್ರಶ್ನೆ: ನಾವು ಮಂಗಳೂರಿನ ಒಂದು ಹಳೆಯ ಬಡಾವಣೆಯಲ್ಲಿ ಇದ್ದೇವೆ. ನಳ್ಳಿಯಲ್ಲಿ ದಿನ ಬಿಟ್ಟು ದಿನ ನೀರು. ಬಿಟ್ಟ ಕೂಡಲೇ ಐದು-ಹತ್ತು ನಿಮಿಷ ಕಂದು ನೀರು ಬರುತ್ತದೆ. ಕೆಲವು ದಿನ ಬ್ಲೀಚಿಂಗ್ ವಾಸನೆ, ಕೆಲವು ದಿನ ಏನೂ ಇಲ್ಲ. ನಮಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ. ಕೇಳಿದರೆ "ತುಂಬೆಯಿಂದ ಶುದ್ಧ ಮಾಡಿಯೇ ಬಿಡುವುದು, ರಿಪೋರ್ಟ್ ಉಂಟು" ಎನ್ನುತ್ತಾರೆ. ಹಿತ್ತಿಲಲ್ಲಿ ಬಾವಿಯೂ ಉಂಟು. ಮುಂದಿನ ತಿಂಗಳು ಮಗಳು ಹೆರಿಗೆಗೆ ಬರುತ್ತಾಳೆ. ಬಾವಿ ನೀರು ಕೊಡುವುದೋ, ನಳ್ಳಿ ನೀರೋ, ಆರ್‌ಒ ಹಾಕಿಸುವುದೋ? ನಳ್ಳಿ ನೀರು ಕೆಟ್ಟಿದ್ದರೆ ಸರ್ಕಾರಕ್ಕೆ ಕಾನೂನಿನ ಹೊಣೆ ಇಲ್ವಾ?

ಉತ್ತರ: ಮೊದಲು ಮಗಳ ವಿಷಯ, ಉಳಿದದ್ದೆಲ್ಲ ಆಮೇಲೆ. ಬಾವಿಯದ್ದಾಗಲಿ ನಳ್ಳಿಯದ್ದಾಗಲಿ, ಅವರಿಗೆ ಕುದಿಸಿದ ನೀರನ್ನೇ ಕೊಡಿ. ಬೆಚ್ಚಗೆ ಮಾಡಿದ್ದಲ್ಲ, ಕುದಿಸಿದ್ದು. ಕೊತಕೊತ ಕುದಿ ಬಂದು ಒಂದು ನಿಮಿಷ ಆದರೆ ಸಾಕು, ಇಪ್ಪತ್ತು ನಿಮಿಷ ಕುದಿಸಿ ಗ್ಯಾಸ್ ಮುಗಿಸಬೇಕಾಗಿಲ್ಲ. ಕುದಿಸಿದ ಪಾತ್ರೆಯಲ್ಲೇ ಮುಚ್ಚಿಟ್ಟು ತಣಿಸಿ. ನಮ್ಮಲ್ಲಿ ಕುದಿಸಿದ ನೀರಿಗೆ ಅರ್ಧ ತಣ್ಣೀರು ಬೆರೆಸಿ ಹದ ಮಾಡುವ ಅಭ್ಯಾಸ ಉಂಟು. ಹೋಟೆಲುಗಳಲ್ಲಿ "ಬಿಸಿನೀರು" ಅಂತ ಕೊಡುವುದು ಹೆಚ್ಚಾಗಿ ಇದನ್ನೇ. ಹಾಗೆ ಮಾಡಿದರೆ ಕುದಿಸಿದ್ದು ದಂಡ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ ಹೆಪಟೈಟಿಸ್ ಇ ಎಂಬ ಕಾಮಾಲೆ. ಕೊಳಚೆ ಸೇರಿದ ನೀರಿನಿಂದ ಹರಡುತ್ತದೆ. ಹೆಚ್ಚಿನವರಿಗೆ ಕೆಲವು ವಾರ ಸುಸ್ತು, ಹಳದಿ ಕಣ್ಣು, ಆಮೇಲೆ ಗುಣ. ಆದರೆ ಬಸುರಿನ ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರರಲ್ಲಿ 20ರಿಂದ 25 ಮಂದಿಯ ಜೀವಕ್ಕೆ ಅಪಾಯ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆದರಿಸಲು ಹೇಳುತ್ತಿಲ್ಲ. ಒಂದು ನಿಮಿಷದ ಕುದಿಯಲ್ಲಿ ತಪ್ಪಿಸಬಹುದಾದ ಅಪಾಯ ಇದು, ಅದಕ್ಕೇ ಹೇಳುವುದು.

ಶುದ್ಧ ಮಾಡಿ ಬಿಟ್ಟ ಮೇಲೂ ನೀರು ಕೆಟ್ಟಿರಬಹುದೇ ಎಂಬ ನಿಮ್ಮ ಸಂಶಯಕ್ಕೂ ಈ ಕಾಯಿಲೆಯ ಚರಿತ್ರೆಯಲ್ಲೇ ಉತ್ತರ ಉಂಟು. 1955ರ ಕೊನೆಯಲ್ಲಿ ದೆಹಲಿಯಲ್ಲಿ ಯಮುನೆಯ ನೆರೆಯಿಂದಾಗಿ ನಗರದ ಕೊಳಚೆ, ಕುಡಿಯುವ ನೀರು ಎತ್ತುವ ಜಾಗಕ್ಕೇ ಬಂದು ಸೇರಿತು. ನೀರು ಶುದ್ಧ ಮಾಡುವ ಘಟಕದವರಿಗೆ ಅದು ಗೊತ್ತಾಗಿ ಕ್ಲೋರಿನ್ ಜಾಸ್ತಿ ಹಾಕಿದರು. ಟೈಫಾಯ್ಡ್, ಆಮಶಂಕೆ ಹೆಚ್ಚಲಿಲ್ಲ. ಬ್ಯಾಕ್ಟೀರಿಯಾ ಸತ್ತಿದ್ದವು. ಆದರೆ ಕೆಲವು ವಾರಗಳಲ್ಲೇ ಸುಮಾರು 29,000 ಜನರಿಗೆ ಕಾಮಾಲೆ ಬಂತು. ಅದಕ್ಕೆ ಕಾರಣವಾದ ವೈರಸ್ ಯಾವುದು ಎಂದು ಗೊತ್ತಾದದ್ದು 1980ರ ದಶಕದಲ್ಲಿ. ಕದಡಿದ ನೀರಲ್ಲಿ ವೈರಸ್ ಕೊಳೆಯ ಕಣಗಳ ನಡುವೆ ಅಡಗಿರುತ್ತದೆ. ಬ್ಯಾಕ್ಟೀರಿಯಾ ಸಾಯುವಷ್ಟು ಕ್ಲೋರಿನ್ ಅದಕ್ಕೆ ಸಾಲುವುದಿಲ್ಲ. ಅಂದರೆ ಘಟಕದ ಪರೀಕ್ಷೆಯಲ್ಲಿ ಪಾಸಾದ ನೀರಿನಿಂದಲೂ ಊರಿಗೆ ಕಾಯಿಲೆ ಬರಬಹುದು.

ಈಗ ನಿಮಗೆ ಸಿಕ್ಕ ಉತ್ತರ ನೋಡೋಣ. "ರಿಪೋರ್ಟ್ ಉಂಟು" ಎಂದದ್ದು ಸುಳ್ಳಿರಲಿಕ್ಕಿಲ್ಲ. ಆದರೆ ಆ ರಿಪೋರ್ಟ್ ಎಲ್ಲಿಯ ನೀರಿನದ್ದು? ಘಟಕದಿಂದ ಹೊರಡುವ ನೀರಿನದ್ದೋ, ನಿಮ್ಮ ಓಣಿಯ ಕೊನೆಯ ನಳ್ಳಿಯದ್ದೋ? ಎರಡರ ನಡುವೆ ಮೈಲುಗಟ್ಟಲೆ ಪೈಪ್ ಉಂಟು.

ನೇತ್ರಾವತಿ ಕುದುರೆಮುಖದ ಕಡೆಯ ಘಟ್ಟದಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಸೇರಿಸಿಕೊಂಡು, ಬಂಟ್ವಾಳ ದಾಟಿ ತುಂಬೆಯ ಕಿಂಡಿ ಅಣೆಕಟ್ಟಿಗೆ ಬರುತ್ತದೆ. ದಾರಿಯಲ್ಲಿ ಸಿಗುವ ಪೇಟೆಗಳ, ಸ್ನಾನಘಟ್ಟಗಳ ಕೊಳೆಯೂ ಜೊತೆಗೆ ಬರುತ್ತದೆ. ಎತ್ತಿದ ನೀರಿಗೆ ಪಟಿಕ ಹಾಕಿ ಮಣ್ಣು ಕೆಳಗೆ ಕೂರಿಸುತ್ತಾರೆ, ಮರಳಿನಲ್ಲಿ ಸೋಸುತ್ತಾರೆ, ಕೊನೆಗೆ ಕ್ಲೋರಿನ್ ಬೆರೆಸುತ್ತಾರೆ. ಹಳೆಯ ವಿಧಾನ, ಒಳ್ಳೆಯ ವಿಧಾನ. ಸರಿಯಾಗಿ ನಡೆಸಿದರೆ ನೇತ್ರಾವತಿಯಂಥ ಸಿಹಿನೀರಿಗೆ ಇದಕ್ಕಿಂತ ಹೆಚ್ಚಿನದ್ದು ಬೇಡ. ಮೊದಲ ಮಳೆಗೆ ಹೊಳೆ ಕೆಂಪಾದಾಗ ಮಾತ್ರ ಕಷ್ಟ. ಪಟಿಕದ ಲೆಕ್ಕವನ್ನು ಗಂಟೆಗಂಟೆಗೆ ಬದಲಿಸಬೇಕಾಗುತ್ತದೆ. ಜೂನ್ ತಿಂಗಳಲ್ಲಿ ನಾನಂತೂ ಯಾವ ಊರಿನ ನಳ್ಳಿ ನೀರನ್ನೂ ಕುದಿಸದೆ ಕುಡಿಯುವುದಿಲ್ಲ.

ಸಮಸ್ಯೆ ಜಾಸ್ತಿ ಇರುವುದು ಆಮೇಲಿನ ದಾರಿಯಲ್ಲಿ. ದಿನ ಬಿಟ್ಟು ದಿನ ನೀರು ಬಿಡುವುದೆಂದರೆ ಒಂದು ದಿನ ಪೈಪ್ ಖಾಲಿ ಇರುತ್ತದೆ ಎಂದರ್ಥ. ಒತ್ತಡ ಇರುವಾಗ ಸೋರುವ ಜಾಯಿಂಟಿನಿಂದ ನೀರು ಹೊರಗೆ ಹೋಗುತ್ತದೆ. ಒತ್ತಡ ಇಲ್ಲದಾಗ ಅದೇ ಜಾಯಿಂಟಿನಿಂದ ಹೊರಗಿನದ್ದು ಒಳಗೆ ಬರುತ್ತದೆ. ಹೊರಗೆ ಏನುಂಟು ಹೇಳಿ? ಮಳೆಗಾಲದಲ್ಲಿ ನೆಲ ಪೂರ್ತಿ ನೆನೆದಿರುತ್ತದೆ. ಹಲವು ಕಡೆ ನೀರಿನ ಲೈನ್ ಚರಂಡಿಯ ಪಕ್ಕದಲ್ಲೇ, ಕೆಲವೊಮ್ಮೆ ಅದರೊಳಗಿಂದಲೇ ಹೋಗಿರುತ್ತದೆ. ಒಳಚರಂಡಿಯ ಮ್ಯಾನ್‌ಹೋಲ್ ತುಂಬಿ ಉಕ್ಕುವುದು ನಮಗೇನು ಹೊಸ ದೃಶ್ಯವಲ್ಲ. ಇದರ ಮೇಲೆ, ನೀರು ಬಂದ ಕೂಡಲೇ ಲೈನಿಗೇ ನೇರ ಮೋಟರ್ ಇಟ್ಟು ಎಳೆಯುವವರು. ಅವರು ತಮ್ಮ ಪಾಲಿಗಿಂತ ಹೆಚ್ಚು ನೀರು ಎಳೆಯುವುದು ಮಾತ್ರ ಅಲ್ಲ, ಬೀದಿಯ ಕೊಳೆಯನ್ನೂ ಪೈಪಿನೊಳಗೆ ಎಳೆಯುತ್ತಾರೆ. ನಿಮ್ಮ ಮನೆಯಲ್ಲಿ ಹಾಗೆ ಇದ್ದರೆ ಮೊದಲು ಅದನ್ನು ತೆಗೆಸಿ.

ನಿಮ್ಮ ಕಂದು ನೀರು ಈ ಖಾಲಿ ಪೈಪಿನ ಮೊದಲ ನೀರು. ಹಳೆಯ ಕಬ್ಬಿಣದ ಪೈಪಿನ ತುಕ್ಕು, ತಳದಲ್ಲಿ ಕೂತ ಕೆಸರು, ಒಳಗೆ ಸೋರಿದ್ದು, ಎಲ್ಲ ಸೇರಿರುತ್ತದೆ. ತುಕ್ಕಿನಿಂದ ಆರೋಗ್ಯಕ್ಕೆ ದೊಡ್ಡ ತೊಂದರೆ ಇಲ್ಲ. ಆದರೆ ಬಣ್ಣ ನೋಡಿ ತುಕ್ಕು ಯಾವುದು, ಕೊಳಚೆ ಯಾವುದು ಎಂದು ಹೇಳಲಾಗುವುದಿಲ್ಲ. ಆ ಹತ್ತು ನಿಮಿಷದ ನೀರನ್ನು ಸಂಪಿಗೆ ಬಿಡಬೇಡಿ. ತೆಂಗಿನ ಬುಡಕ್ಕೋ ಅಂಗಳ ತೊಳೆಯಲಿಕ್ಕೋ ಹೋಗಲಿ.

ಇದು ನನ್ನ ಊಹೆಯಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ 2008ರಿಂದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬರಲು ಶುರುವಾಯಿತು. ಉಳಿದ ವಾರ್ಡುಗಳಿಗೆ ಮೊದಲಿನ ಹಾಗೆ ಕೆಲವು ದಿನಕ್ಕೊಮ್ಮೆ. ಘಟಕಗಳು ಅವೇ, ಊರು ಅದೇ. ಎರಡೂ ಕಡೆಯ ನಳ್ಳಿ ನೀರನ್ನು ಸಂಶೋಧಕರು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ ಸುಮಾರು ಮೂರರಲ್ಲಿ ಒಂದು ಮಾದರಿಯಲ್ಲಿ ಇ. ಕೋಲಿ ಸಿಕ್ಕಿತು, ಅಂದರೆ ಮಲದ ಗುರುತು. ಸದಾ ನೀರು ಇರುವ ಕಡೆ ನೂರಕ್ಕೆ ಒಂದೂ ಇಲ್ಲ. ಇಷ್ಟು ವ್ಯತ್ಯಾಸ ಬಂದದ್ದು ಪೈಪಿನೊಳಗೆ ಒತ್ತಡ ಉಳಿದದ್ದರಿಂದ.

ನನ್ನ ತಕರಾರು ಇಲ್ಲೇ ಶುರುವಾಗುವುದು. ನೀರಿನ ಬಗ್ಗೆ ನಮ್ಮ ಸರ್ಕಾರಗಳ ಯೋಚನೆಯೆಲ್ಲ ಪ್ರಮಾಣದ ಮೇಲೆ. ಏಪ್ರಿಲ್ ಬಂತೆಂದರೆ ತುಂಬೆಯಲ್ಲಿ ಎಷ್ಟು ಮೀಟರ್ ನೀರು ಉಂಟು, ಉಡುಪಿಯವರ ಬಜೆಯಲ್ಲಿ ಸ್ವರ್ಣೆ ಎಷ್ಟು ಇಳಿದಿದ್ದಾಳೆ ಎಂದು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಮೀಟರ್ ಇಳಿದರೆ ರೇಷನಿಂಗ್. 2019ರಲ್ಲಿ ಹಾಗೆ ಆಯಿತು, 2023ರಲ್ಲೂ ಆಯಿತು. ನೀರು ಉಳಿಸಲು ಬೇರೆ ದಾರಿ ಇಲ್ಲದಿರಬಹುದು, ಒಪ್ಪುತ್ತೇನೆ. ಆದರೆ ಪಂಪ್ ನಿಲ್ಲಿಸುವ ಆದೇಶಕ್ಕೆ ಸಹಿ ಹಾಕುವಾಗ, ಪೈಪ್ ಖಾಲಿ ಬಿಡುವುದರಿಂದ ನೀರು ಕೆಡುತ್ತದೆ, ಹಾಗಾಗಿ ಈ ವಾರ ಕ್ಲೋರಿನ್ ಇಷ್ಟು ಏರಿಸಿ, ಕೊನೆಯ ನಳ್ಳಿಯಲ್ಲಿ ದಿನಾ ಅಳೆಯಿರಿ, ಜನರಿಗೆ ಕುದಿಸಲು ಹೇಳಿ ಎಂಬ ಮಾತೂ ಅದೇ ಕಾಗದದಲ್ಲಿ ಇರಬೇಕಲ್ವಾ? ಅಣೆಕಟ್ಟಿನ ಮೀಟರ್ ಲೆಕ್ಕ ಊರಿಗೆಲ್ಲ ಗೊತ್ತು. ನಳ್ಳಿಯ ಕ್ಲೋರಿನ್ ಲೆಕ್ಕ ಪತ್ರಿಕೆಯಲ್ಲಿ ಬಂದದ್ದನ್ನು ನಾನು ನೋಡಿಲ್ಲ.

ಆ ಕ್ಲೋರಿನ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಘಟಕದಲ್ಲಿ ಹಾಕುವ ಕ್ಲೋರಿನ್ ದಾರಿಖರ್ಚಿಗೆ ಕೊಟ್ಟ ದುಡ್ಡಿನ ಹಾಗೆ. ದಾರಿಯಲ್ಲಿ ಎಲ್ಲಿ ಕೊಳೆ ಸಿಗುತ್ತದೋ ಅಲ್ಲಿ ಖರ್ಚಾಗುತ್ತದೆ, ಉಳಿದದ್ದು ಮನೆಗೆ ಬರುತ್ತದೆ. ಹೀಗೆ ಉಳಿದು ಬರುವ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು, ವೈರಸ್ಸಿನ ಭಯ ಇರುವ ಸಮಯದಲ್ಲಿ 0.5 ಇರಬೇಕು ಎಂದು ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ, ಐಎಸ್ 10500, ಹೇಳುತ್ತದೆ. ಹಾಗಾಗಿ ಸಣ್ಣ ಬ್ಲೀಚಿಂಗ್ ವಾಸನೆ ಬಂದ ದಿನ ಮೂಗು ಮುರಿಯಬೇಡಿ. ವಾಸನೆ ಇಲ್ಲದ ದಿನವೇ ಹೆಚ್ಚು ಜಾಗ್ರತೆ ಬೇಕು. ಮೂಗನ್ನು ಪೂರ್ತಿ ನಂಬಲಿಕ್ಕೂ ಆಗುವುದಿಲ್ಲ. ಮೀನಿನ ತೊಟ್ಟಿ, ಈಜುಕೊಳಕ್ಕೆ ಬಳಸುವ ಕ್ಲೋರಿನ್ ಕಿಟ್ ಪೇಟೆಯಲ್ಲಿ ಸಿಗುತ್ತದೆ. ಹಳದಿ ಬಣ್ಣ ಬರುವ ಹಳೆಯ ಕಿಟ್‌ಗಿಂತ ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ಒಳ್ಳೆಯದು. ಸಂಪಿಗೆ ಬೀಳುವ ಮೊದಲು, ಲೈನಿನಿಂದ ನೇರ ಬರುವ ನೀರಿಗೆ ಪರೀಕ್ಷೆ ಮಾಡಿ. ಆಮೇಲೆ ಅಡುಗೆಮನೆ ನಳ್ಳಿಯಲ್ಲಿ ಮತ್ತೊಮ್ಮೆ. ಲೈನಿನಲ್ಲಿ ಗುಲಾಬಿ ಬಂದು ಅಡುಗೆಮನೆಯಲ್ಲಿ ಏನೂ ಬಾರದಿದ್ದರೆ ಕ್ಲೋರಿನ್ ಖರ್ಚಾದದ್ದು ನಿಮ್ಮದೇ ಸಂಪು, ಟ್ಯಾಂಕಿಯಲ್ಲಿ. ಮೀಟರಿನಿಂದ ಈಚೆಗಿನದ್ದು ನಿಮ್ಮ ಹೊಣೆ, ಫ್ಲ್ಯಾಟ್ ಆದರೆ ಅಸೋಸಿಯೇಶನ್ನಿನ ಹೊಣೆ. ಫ್ಲ್ಯಾಟುಗಳ ಸಂಪಿಗೂ ಸೆಪ್ಟಿಕ್ ಟ್ಯಾಂಕಿಗೂ ನಡುವೆ ಒಂದೇ ಗೋಡೆ ಇರುವುದನ್ನು ನೋಡಿದ್ದೇನೆ. ಅಂಥ ಕಡೆ ತುಂಬೆಯನ್ನು ಬೈದು ಪ್ರಯೋಜನ ಇಲ್ಲ.

ಬಾವಿಯ ವಿಷಯ. ನಮ್ಮ ಕರಾವಳಿಯವರಿಗೆ ಬಾವಿ ನೀರೆಂದರೆ ಭಾರೀ ನಂಬಿಕೆ. ನೋಡಲು ತಿಳಿ, ಕುಡಿಯಲು ರುಚಿ. ಆದರೆ ಕೆಳಗೆ ಇರುವುದು ಮುರಕಲ್ಲು. ತೂತು ತೂತಿನ ಕಲ್ಲು, ನೀರನ್ನು ಬೇಗ ಹರಿಯಬಿಡುತ್ತದೆ, ಸೋಸುವುದು ಕಮ್ಮಿ. ಹಿಂದೆ ಒಂದು ಎಕರೆಗೆ ಒಂದು ಮನೆ, ಒಂದು ಬಾವಿ ಇದ್ದಾಗ ಅಡ್ಡಿ ಇರಲಿಲ್ಲ. ಈಗ ಐದು ಸೆಂಟ್ಸಿನಲ್ಲಿ ಮನೆಯೂ ಬಾವಿಯೂ ಶೌಚದ ಗುಂಡಿಯೂ. ನಿಮ್ಮ ಗುಂಡಿ ದೂರ ಇದ್ದರೂ ಪಕ್ಕದ ಮನೆಯದ್ದು ನಿಮ್ಮ ಬಾವಿಗೆ ಹತ್ತಿರ ಇರಬಹುದು. ಕನಿಷ್ಠ 15 ಮೀಟರ್, ಅಂದರೆ 50 ಅಡಿ ಅಂತರ ಬೇಕು ಎನ್ನುವುದು ಸಾಮಾನ್ಯ ನಿಯಮ. ಜುಲೈ-ಆಗಸ್ಟಿನಲ್ಲಿ ಬಾವಿ ನೀರು ಕೈಗೆ ಸಿಗುವಷ್ಟು ಮೇಲೆ ಬಂದಾಗ ಗುಂಡಿಯ ತಳವೂ ಬಾವಿಯ ನೀರೂ ಒಂದೇ ಮಟ್ಟಕ್ಕೆ ಬಂದಿರುತ್ತವೆ. ಬಾವಿ ನೀರು ಪರೀಕ್ಷೆ ಮಾಡಿಸುವುದಾದರೆ ಆಗಲೇ ಮಾಡಿಸಿ. ಮಾರ್ಚಿನಲ್ಲಿ ಮಾಡಿಸಿದ ಒಳ್ಳೆಯ ರಿಪೋರ್ಟನ್ನು ಫ್ರೇಮ್ ಹಾಕಿ ಇಟ್ಟುಕೊಂಡು ವರ್ಷವಿಡೀ ಧೈರ್ಯವಾಗಿ ಇರುವವರುಂಟು.

ಬಾವಿಯನ್ನು ನೀವೇ ಕ್ಲೋರಿನೇಷನ್ ಮಾಡಬಹುದು. ಲೆಕ್ಕ ಸುಲಭ. ಬಾವಿಯ ಅಡ್ಡಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಆಮೇಲೆ ನೀರಿನ ಆಳದಿಂದ, ಕೊನೆಗೆ 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡು ಮೀಟರ್ ಅಗಲ, ಐದು ಮೀಟರ್ ನೀರು ಇದ್ದರೆ 15,700 ಲೀಟರ್. ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು ಎರಡೂವರೆ ಗ್ರಾಂ. ಅಂದರೆ ಈ ಬಾವಿಗೆ 40 ಗ್ರಾಂ ಸಾಕು. ಬಕೆಟಿನಲ್ಲಿ ನೀರಿಗೆ ಕಲಸಿ, ಸುಣ್ಣ ತಳಕ್ಕೆ ಕೂರುವ ತನಕ ಕಾದು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಹಾಕಿ, ಬಕೆಟ್ ಇಳಿಸಿ ಎಳೆದು ಚೆನ್ನಾಗಿ ಬೆರೆಸಿ. ಕಮ್ಮಿ ಎಂದರೂ ಒಂದು ಗಂಟೆ ಬಿಡಬೇಕು. ರಾತ್ರಿ ಹಾಕಿ ಬೆಳಿಗ್ಗೆ ಬಳಸುವುದು ಒಳ್ಳೆಯದು. ಒಂದು ಗಂಟೆಯ ನಂತರ ಕಿಟ್‌ನಲ್ಲಿ 0.5 ತೋರಿಸದಿದ್ದರೆ ಬಾವಿಯಲ್ಲಿ ಕೊಳೆ ಜಾಸ್ತಿ ಉಂಟು, ಇನ್ನಷ್ಟು ಬೇಕು ಎಂದರ್ಥ. ನಮ್ಮ ಮಳೆಗಾಲದ ತೇವಕ್ಕೆ ಬ್ಲೀಚಿಂಗ್ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹೋದ ವರ್ಷದ ಕಟ್ಟು ಬಿಚ್ಚಿ ಹಾಕಿದರೆ ಬರೀ ಸುಣ್ಣ ಹಾಕಿದ ಹಾಗೆ ಆದೀತು.

ಆದರೆ ಒಂದು ಮಾತು. ಹತ್ತಿರದ ಒಳಚರಂಡಿ ಸೋರಿಯೇ ಬಾವಿ ಕೆಟ್ಟಿದ್ದರೆ ಎಷ್ಟು ಪೌಡರ್ ಹಾಕಿದರೂ ಸರಿಯಾಗುವುದಿಲ್ಲ. ಮಂಗಳೂರಿನಲ್ಲಿ ಇಂಥ ದೂರುಗಳು ಹೊಸದಲ್ಲ, ಉಡುಪಿಯಲ್ಲಿ ಇಂದ್ರಾಣಿ ತೀರದವರೂ ವರ್ಷಗಳಿಂದ ಇದನ್ನೇ ಹೇಳುತ್ತಿದ್ದಾರೆ. ಅಲ್ಲಿ ಸೋರಿಕೆ ನಿಲ್ಲಿಸುವುದೊಂದೇ ದಾರಿ. ದೂರನ್ನು ಸ್ಥಳೀಯ ಸಂಸ್ಥೆಗೆ ಮಾತ್ರ ಅಲ್ಲ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕೊಡಿ.

ಆರ್‌ಒ ಬೇಡ. ಸಮುದ್ರದ ಅಂಚಿನಲ್ಲಿ ಬಾವಿ ಉಪ್ಪಾಗಿದ್ದರೆ ಅದು ಬೇರೆ ಮಾತು. ಆರ್‌ಒ ಮುಖ್ಯವಾಗಿ ಬೇಕಾಗುವುದು ಕರಗಿದ ಲವಣ ತೆಗೆಯಲು. ಐಎಸ್ 10500 ಪ್ರಕಾರ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಲವಣಗಳ ಲೆಕ್ಕ, ಲೀಟರಿಗೆ 500 ಮಿಲಿಗ್ರಾಂ ತನಕ ಇದ್ದರೆ ಒಳ್ಳೆಯ ನೀರು. ನಮ್ಮ ಹೊಳೆ, ಬಾವಿಗಳ ನೀರು ಹೆಚ್ಚಾಗಿ ಅದಕ್ಕಿಂತ ತುಂಬಾ ಕೆಳಗೆ. ಟಿಡಿಎಸ್ 500ಕ್ಕಿಂತ ಕಮ್ಮಿ ಇರುವ ಕಡೆ ಆರ್‌ಒ ನಿಷೇಧಿಸಿ ಎಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಹೇಳಿತ್ತು, ಏಕೆಂದರೆ ಬಹಳಷ್ಟು ನೀರು ಚರಂಡಿಗೆ ಹೋಗುತ್ತದೆ. ಮನೆಗೆ ಬರುವ ಸೇಲ್ಸ್‌ನವರು ಒಂದು ಆಟ ತೋರಿಸುತ್ತಾರೆ, ನೋಡಿರಬಹುದು. ಎರಡು ಗ್ಲಾಸಿಗೆ ಕರೆಂಟಿನ ಕಡ್ಡಿ ಇಳಿಸಿದರೆ ನಿಮ್ಮ ನೀರು ಕಂದು ಆಗುತ್ತದೆ, ಅವರದ್ದು ತಿಳಿಯಾಗಿಯೇ ಇರುತ್ತದೆ. ಆ ಕಂದು ಬಣ್ಣ ನೀರಿನದ್ದಲ್ಲ ಮಾರಾಯ್ರೆ, ಕರಗಿದ ಕಡ್ಡಿಯ ಕಬ್ಬಿಣದ್ದು. ಲವಣ ಇಲ್ಲದ ನೀರಲ್ಲಿ ಕರೆಂಟ್ ಹರಿಯುವುದಿಲ್ಲ, ಕಡ್ಡಿ ಕರಗುವುದಿಲ್ಲ, ಅಷ್ಟೇ. ಟಿಡಿಎಸ್ ಮೀಟರಿಗೆ ರೋಗಾಣು ಕಾಣುವುದೂ ಇಲ್ಲ. ಕೊಳಚೆ ಸೇರಿದ ಬಾವಿಯೂ ಅದರಲ್ಲಿ ಚಂದದ ನಂಬರ್ ತೋರಿಸೀತು. ಯಂತ್ರ ಬೇಕೇ ಬೇಕೆಂದಾದರೆ ಸೋಸುವ ಕ್ಯಾಂಡಲ್ ಜೊತೆಗೆ ರೋಗಾಣು ಕೊಲ್ಲುವ ಯುವಿ ಬೆಳಕು ಇರುವುದು ಸಾಕು. ಕದಡಿದ ನೀರಲ್ಲಿ ಯುವಿ ಬೆಳಕು ಸರಿಯಾಗಿ ತಾಗುವುದಿಲ್ಲ, ಹಾಗಾಗಿ ಸೋಸುವುದು ಮೊದಲು. ಮಗಳಿಗೆ ಮಾತ್ರ ಯಂತ್ರ ಇದ್ದರೂ ಕುದಿಸಿಯೇ ಕೊಡಿ.

ಇನ್ನು ಕಾನೂನು. ನೀರು ಸಂವಿಧಾನದಲ್ಲಿ ರಾಜ್ಯ ಪಟ್ಟಿಯ ವಿಷಯ. 74ನೇ ತಿದ್ದುಪಡಿಯ ನಂತರ ಊರಿಗೆ ನೀರು ಕೊಡುವುದು ನಗರ ಸಂಸ್ಥೆಗಳ ಕೆಲಸಗಳ ಪಟ್ಟಿಗೂ ಸೇರಿತು. ದೊಡ್ಡ ಘಟಕ, ದೊಡ್ಡ ಪೈಪ್ ಹಾಕುವುದರಲ್ಲಿ ರಾಜ್ಯದ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಹೊಳೆ ಕೆಡದ ಹಾಗೆ ನೋಡಿಕೊಳ್ಳುವುದು ಮಾಲಿನ್ಯ ನಿಯಂತ್ರಣ ಮಂಡಳಿ. ಕಾಮಾಲೆ ಬಂದರೆ ಲೆಕ್ಕ ಹಾಕುವುದು ಆರೋಗ್ಯ ಇಲಾಖೆ. ಪ್ರತಿಯೊಬ್ಬರದ್ದೂ ಒಂದೊಂದು ತುಂಡು. ನಿಮ್ಮ ನಳ್ಳಿಯಿಂದ ಬಿದ್ದ ಒಂದು ಲೋಟ ನೀರಿಗೆ ಯಾರು ಉತ್ತರ ಕೊಡುವುದು ಎಂದರೆ ಎಲ್ಲರೂ ಪಕ್ಕದವರನ್ನು ತೋರಿಸಬಹುದು.

ಮಾನದಂಡ ಇಲ್ಲ ಎಂದಲ್ಲ. ಐಎಸ್ 10500 ತುಂಬಾ ಒಳ್ಳೆಯ ಮಾನದಂಡ. 100 ಮಿಲಿಲೀಟರ್ ನೀರಲ್ಲಿ ಒಂದೇ ಒಂದು ಇ. ಕೋಲಿ ಕೂಡ ಇರಬಾರದು ಎನ್ನುತ್ತದೆ. ಆದರೆ ನಗರ ಸಂಸ್ಥೆ ಬಿಡುವ ನಳ್ಳಿ ನೀರು ಈ ಮಾನದಂಡ ಮುಟ್ಟದಿದ್ದರೆ ದಂಡ ಹಾಕುವ ಕೇಂದ್ರ ಕಾನೂನು ಇಲ್ಲ. ಬಾಟಲಿ ನೀರಿಗೆ ಉಂಟು. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ಬಾಟಲಿಯಲ್ಲಿ ತುಂಬಿಸಿದ ಕುಡಿಯುವ ನೀರು ಆಹಾರ. ಕೆಟ್ಟದ್ದು ಮಾರಿದರೆ ಕೇಸು. ಅಂಗಡಿಯ ಒಂದು ಬಾಟಲಿಗೆ ಇರುವ ಕಾನೂನಿನ ರಕ್ಷಣೆ ಊರಿಡೀ ಕುಡಿಯುವ ನೀರಿಗೆ ಇಲ್ಲ.

ಅಮೆರಿಕದವರು ನದಿಗಳಿಗಾಗಿ 1972ರಲ್ಲಿ ಒಂದು ಕಾನೂನು ಮಾಡಿದರು, 1974ರಲ್ಲಿ ನಳ್ಳಿ ನೀರಿಗೇ ಬೇರೆ ಕಾನೂನು ಮಾಡಿದರು. ಅಲ್ಲಿ ನೀರು ಕೊಡುವ ಸಂಸ್ಥೆ ಪ್ರತಿ ವರ್ಷ ತನ್ನ ನೀರಿನಲ್ಲಿ ಏನೇನು ಸಿಕ್ಕಿತು ಎಂದು ಗ್ರಾಹಕರಿಗೆ ವರದಿ ಕೊಡಲೇಬೇಕು. ನಮ್ಮಲ್ಲೂ 1974ರಲ್ಲೇ ಜಲ ಕಾಯ್ದೆ ಬಂತು. ಅದು ನದಿಗೆ. ನಳ್ಳಿಗೆ ಇನ್ನೂ ಬಂದಿಲ್ಲ. ಕಾನೂನು ಇದ್ದರೆ ಎಲ್ಲ ಸರಿಯಾಗುತ್ತದೆ ಎಂದಲ್ಲ. ಅಮೆರಿಕದ ಫ್ಲಿಂಟ್ ಊರಿನಲ್ಲಿ 2014ರಲ್ಲಿ ದುಡ್ಡು ಉಳಿಸಲು ನೀರಿನ ಮೂಲ ಬದಲಿಸಿ, ಹಳೆಯ ಪೈಪುಗಳ ಸೀಸವೆಲ್ಲ ನಳ್ಳಿಗೆ ಬಂತು. ಆದರೆ ಅಲ್ಲಿ ಜನರ ಕೈಯಲ್ಲಿ ಹಿಡಿದು ಕೇಳಲು ಒಂದು ಮಿತಿ, ಒಂದು ಕಾನೂನು ಇತ್ತು.

ನಮ್ಮಲ್ಲಿ ವ್ಯವಸ್ಥೆ ಎಚ್ಚರಾಗುವುದು ಜನ ಸತ್ತ ಮೇಲೆ. 2022ರಲ್ಲಿ ರಾಯಚೂರಿನಲ್ಲಿ ನಗರದ ಕೆಟ್ಟ ನೀರು ಕುಡಿದು ಹಲವರು ಸತ್ತರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಮತ್ತೆ ಅದೇ. ಆಮೇಲೆ ಪರಿಹಾರ, ತನಿಖೆ.

ಹಾಗೆಂದು ಕೈಯಲ್ಲಿ ಏನೂ ಇಲ್ಲ ಎಂದುಕೊಳ್ಳಬೇಡಿ. ಮಾಲಿನ್ಯ ಇಲ್ಲದ ನೀರು ಮತ್ತು ಗಾಳಿ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಸುಪ್ರೀಂ ಕೋರ್ಟ್ 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿತು. ಅದಕ್ಕಿಂತ ಉಪಯೋಗದ್ದು ಮಧ್ಯಪ್ರದೇಶದ ರತ್ಲಾಮ್ ಊರಿನ ಪ್ರಕರಣದಲ್ಲಿ ಅದೇ ಕೋರ್ಟ್ 1980ರಲ್ಲಿ ಕೊಟ್ಟ ತೀರ್ಪು. ತೆರೆದ ಚರಂಡಿಯ ಗಬ್ಬಿನ ವಿರುದ್ಧ ಆ ಊರಿನ ಜನ ಹೋದಾಗ ಪುರಸಭೆ "ನಮ್ಮಲ್ಲಿ ದುಡ್ಡಿಲ್ಲ" ಎಂದಿತು. ದುಡ್ಡಿಲ್ಲ ಎಂಬ ನೆಪ ನಡೆಯುವುದಿಲ್ಲ ಎಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು. ಜನ ಅಲ್ಲಿ ಬಳಸಿದ್ದು ಸಾರ್ವಜನಿಕ ಉಪದ್ರವ ತೆಗೆಸುವ ಸೆಕ್ಷನ್, ಮ್ಯಾಜಿಸ್ಟ್ರೇಟರ ಮುಂದೆ. ಹಳೆಯ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 152ನೇ ಸೆಕ್ಷನ್. ಒಳಚರಂಡಿ ಸೋರಿ ನೀರಿನ ಲೈನ್ ಕೆಡುತ್ತಿದ್ದರೆ ಹೈಕೋರ್ಟಿಗೆ ಓಡುವ ಮೊದಲು ಈ ದಾರಿ ಉಂಟು.

ಇನ್ನೊಂದು ವಿಚಿತ್ರ ನೋಡಿ. ಮನೆಮನೆಗೆ ನಳ್ಳಿ ನೀರು ಕೊಡಲು ಕೇಂದ್ರ ಸರ್ಕಾರ 2019ರಲ್ಲಿ ತಂದ ಜಲಜೀವನ್ ಮಿಷನ್ ಹಳ್ಳಿಗಳಿಗೆ ಮಾತ್ರ. ಅದರಲ್ಲಿ ಪ್ರತಿ ಗ್ರಾಮದಲ್ಲಿ ಐದು ಮಂದಿ ಹೆಂಗಸರಿಗೆ ಕಿಟ್ ಹಿಡಿದು ನೀರು ಪರೀಕ್ಷೆ ಮಾಡುವ ತರಬೇತಿ ಕೊಡಬೇಕು ಎಂದುಂಟು. ನಗರದ ಪಕ್ಕದ ಪಂಚಾಯತಿಗೆ ಆ ಮಿಷನ್ ಉಂಟು, ನಗರದ ವಾರ್ಡಿಗೆ ಇಲ್ಲ! ಒಡಿಶಾದ ಪುರಿಯಲ್ಲಿ 2021ರಲ್ಲಿ 24 ಗಂಟೆಯೂ ನಳ್ಳಿಯಿಂದ ನೇರ ಕುಡಿಯುವ ನೀರು ಕೊಡಲು ಶುರು ಮಾಡಿದಾಗ ಸ್ವಸಹಾಯ ಗುಂಪಿನ ಹೆಂಗಸರನ್ನೇ ಮನೆಮನೆಗೆ ಕಳಿಸಿ ನೀರು ಪರೀಕ್ಷೆ ಮಾಡಿಸಿದರು. ಸ್ವಸಹಾಯ ಗುಂಪುಗಳಿಗೆ ನಮ್ಮ ಜಿಲ್ಲೆಗಳಲ್ಲಿ ಬರವೇ? ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದ ಜಲಸಿರಿ ಯೋಜನೆ ನಮ್ಮಲ್ಲೂ 24 ಗಂಟೆ ನೀರಿನ ಮಾತಾಡುತ್ತದೆ. ಪೈಪ್ ಬದಲಾದರೆ ಒಳ್ಳೆಯದೇ. ಆದರೆ ಅಳೆಯುವವರು ಯಾರು, ಅಳೆದದ್ದನ್ನು ಎಲ್ಲಿ ಹಾಕುತ್ತಾರೆ ಎನ್ನುವುದು ಪೈಪಿನಷ್ಟೇ ಮುಖ್ಯ.

ನೀವು ಮಾಡಬಹುದಾದದ್ದು ಹೇಳುತ್ತೇನೆ. ಮೊದಲು ನೀರಿನ ಮಾದರಿ ಕೊಡಿ. ಜಿಲ್ಲಾ ಮಟ್ಟದ ಕುಡಿಯುವ ನೀರಿನ ಪರೀಕ್ಷಾಲಯದಲ್ಲಿ ಕಮ್ಮಿ ಖರ್ಚಿನಲ್ಲಿ ಆಗುತ್ತದೆ, ಎನ್‌ಎಬಿಎಲ್ ಮಾನ್ಯತೆ ಇರುವ ಖಾಸಗಿ ಲ್ಯಾಬ್ ಆದರೂ ಸರಿ. ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ. ಮನೆಯ ಸೋಡಾ ಬಾಟಲಿ ಆಗುವುದಿಲ್ಲ. ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಮುಟ್ಟಿಸಿ. ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ, ಇ. ಕೋಲಿ, ಕದಡು, ಪಿಎಚ್ (ನೀರಿನ ಹುಳಿಯ ಅಳತೆ), ಕಬ್ಬಿಣ, ಬಾವಿಗಾದರೆ ನೈಟ್ರೇಟ್ ಕೂಡ, ಇಷ್ಟು ಕೇಳಿದರೆ ಸಾಕು. ದೊಡ್ಡ ಪ್ಯಾಕೇಜ್ ಬೇಡ. ಮುರಕಲ್ಲಿನ ಬಾವಿಯಲ್ಲಿ ಪಿಎಚ್ 6.5ಕ್ಕಿಂತ ಕೆಳಗೆ ಬರಬಹುದು. ಅದು ಕುಡಿಯುವವರಿಗಿಂತ ಹೆಚ್ಚು ಪೈಪನ್ನು ತಿನ್ನುತ್ತದೆ, ಹೆದರಬೇಡಿ. ಇ. ಕೋಲಿ ಒಂದೇ ಒಂದು ಬಂದರೂ ಸುಮ್ನೆ ಬಿಡಬೇಡಿ.

ಆಮೇಲೆ ಮಾಹಿತಿ ಹಕ್ಕಿನ ಅರ್ಜಿ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, ಸುಮಾರು 150 ಪದಗಳೊಳಗೆ ಇರಲಿ, ಇಲ್ಲದಿದ್ದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. "ನೀರು ಶುದ್ಧವೇ?" ಎಂದು ಕೇಳಬೇಡಿ, ಅದಕ್ಕೆ "ಹೌದು" ಎಂಬ ಉತ್ತರ ಬಂದು ಮುಗಿಯುತ್ತದೆ. ಹೀಗೆ ಕೇಳಿ: ಕಳೆದ ಮೂರು ತಿಂಗಳಲ್ಲಿ ನಮ್ಮ ವಾರ್ಡಿನ ಮನೆ ನಳ್ಳಿಗಳಲ್ಲಿ ಉಳಿಕೆ ಕ್ಲೋರಿನ್ ಅಳೆದ ದಿನಾಂಕ, ಸಮಯ, ಜಾಗ, ಬಂದ ಅಂಕಿ, ಅದೇ ಅವಧಿಯ ಬ್ಯಾಕ್ಟೀರಿಯಾ ಪರೀಕ್ಷೆಯ ವರದಿಗಳ ಪ್ರತಿ. ಕೇಂದ್ರದ ನೀರು ಸರಬರಾಜು ಕೈಪಿಡಿಯ ಪ್ರಕಾರ ಒಂದು ಲಕ್ಷಕ್ಕಿಂತ ಜಾಸ್ತಿ ಜನ ಇರುವ ಊರಲ್ಲಿ ಮಾದರಿ ದಿನಾ ತೆಗೆಯಬೇಕು, ತಿಂಗಳಿಗೆ ಕನಿಷ್ಠ 10,000 ಜನಕ್ಕೆ ಒಂದರಂತೆ. ಐದು ಲಕ್ಷದ ಹತ್ತಿರ ಇರುವ ಮಂಗಳೂರಿಗೆ ತಿಂಗಳಿಗೆ ಸುಮಾರು 50 ಮಾದರಿ ಆಯಿತು. ಅಷ್ಟು ಆಗಿದೆಯೇ, ಅದರಲ್ಲಿ ಎಷ್ಟು ನಿಮ್ಮ ಕಡೆಯದ್ದು ಎಂದು ಉತ್ತರ ಬಂದಾಗ ಎಣಿಸಿ.

30 ದಿನದಲ್ಲಿ ಉತ್ತರ ಬರಬೇಕು. ಬಂದ ಕಾಗದದಲ್ಲಿ ಅಂಕಿಗಳನ್ನು ಮೇಲಿಂದ ಕೆಳಗೆ ಒಮ್ಮೆ ಓದಿ. ಮೂರು ತಿಂಗಳೂ ಎಲ್ಲ ಕಡೆಯೂ 0.2, 0.2, 0.2 ಎಂದೇ ಇದ್ದರೆ ಅಲ್ಲಿ ಯಾರೂ ಅಳೆದಿಲ್ಲ, ಕೂತಲ್ಲೇ ಬರೆದಿದ್ದಾರೆ ಎಂದು ತಿಳಿಯಿರಿ. ನಿಜವಾಗಿ ಅಳೆದರೆ ಒಂದು ದಿನ 0.4 ಬರುತ್ತದೆ, ಒಂದು ದಿನ 0.1, ರೇಷನಿಂಗ್ ದಿನ ಸೊನ್ನೆಯೂ ಬರುತ್ತದೆ. ಒಂದೇ ಅಂಕಿಯ ಪಟ್ಟಿ ಬಂದರೆ ನಿಮ್ಮ ಮನೆಯ ಕಿಟ್‌ನ ಅಂಕಿಗಳನ್ನು ದಿನಾಂಕದೊಂದಿಗೆ ಬರೆದು, ಎರಡನ್ನೂ ಜೋಡಿಸಿ, ಮೊದಲ ಮೇಲ್ಮನವಿ ಹಾಕಿ. ಅದರ ಒಂದು ಪ್ರತಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಗೂ ಕಳಿಸಿ. ಎಂಜಿನಿಯರುಗಳ ಕಾಗದ ಆರೋಗ್ಯ ಇಲಾಖೆಯವರ ಮೇಜಿಗೆ ತಾನಾಗಿ ಹೋಗುವುದು ಬಹಳ ಕಮ್ಮಿ.